ಎಡಕ್ಕೇ ಎಳೆಯುತ್ತಿದ್ದ ಲಾರಿ

ಮಡು ಎಂದರೆ ಆಳವಾಗಿ ನೀರು ನಿಂತ ಜಾಗ. ಕೃಷ್ಣ ಕಾಳಿಂಗನ ಹೆಡೆಯ ಮೇಲೆ ಕುಣಿದದ್ದು ಮಡುವಿನಲ್ಲಿ ಎಂದು ಅಜ್ಜಿಯರು ಕಥೆ ಹೇಳುತ್ತಾರಲ್ಲ, ಅದೇ ಮಡು. ನಾವಿರುವ ಬಡಾವಣೆಯ ಹೆಸರು ಇಟ್ಟಮಡು. ಈಗ ಇಲ್ಲಿ ಮಡು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಮಳೆಗಾಲದಲ್ಲಿ ಬನ್ನಿ, ರಸ್ತೆ ನಡುವೆಯೇ ತೋರಿಸುತ್ತೇನೆ ಎನ್ನುತ್ತೇನೆ. ನಾನು ಹೇಳಹೊರಟಿರುವ ಕಥೆ ಶುರುವಾದದ್ದು ಅಂಥದೊಂದು ಮಡುವಿನಲ್ಲೇ.

ಬೆಂಗಳೂರಿನ ದಕ್ಷಿಣದಲ್ಲಿ, ಬನಶಂಕರಿ ಮೂರನೇ ಹಂತದ ಅಂಚಿನಲ್ಲಿ, ಕತ್ರಿಗುಪ್ಪೆಗೂ ಹೊಸಕೆರೆಹಳ್ಳಿಗೂ ನಡುವೆ ನಮ್ಮ ಇಟ್ಟಮಡು. 1989ರಲ್ಲಿ ನಾನು ಬ್ಯಾಂಕಿನ ಸಾಲ ತೆಗೆದು ಇಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದಾಗ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೂರ ಯಾಕಯ್ಯಾ ಹೋದೆ?" ಕತ್ರಿಗುಪ್ಪೆಯಲ್ಲಿ ಬಸ್ಸಿಳಿದು, ಕೈಯಲ್ಲಿ ಟಾರ್ಚು ಹಿಡಿದು ಮನೆಗೆ ನಡೆಯುತ್ತಿದ್ದ ಕಾಲ ಅದು. ಈಗ ಮನೆಯಿಂದ ಹೊರಗೆ ಕಾಲಿಟ್ಟರೆ ಬೇಕರಿ, ಔಷಧಿ ಅಂಗಡಿ, ಟೈಲರು, ಟ್ಯೂಷನ್ನು, ಹಿಟ್ಟಿನ ಗಿರಣಿ. ಹೊರವರ್ತುಲ ರಸ್ತೆ ಕೂಗಳತೆಯಲ್ಲಿದೆ. ಬದಲಾಗದೆ ಉಳಿದಿರುವುದು ನಮ್ಮ ಏರು ಇಳಿಜಾರು ಒಂದೇ. ಇಲ್ಲಿ ಹಾಲು ತರಲು ಹೋದರೂ ಒಂದು ಕಡೆ ಹತ್ತಬೇಕು, ಇನ್ನೊಂದು ಕಡೆ ಇಳಿಯಬೇಕು. ನನ್ನ ಮಂಡಿಗಳಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಕೆಳಗಿನ ಮನೆಯಲ್ಲಿರುವುದು ನನ್ನ ಅಕ್ಕನ ಮಗ. ಅವನದೊಂದು ಸಣ್ಣ ಲಾರಿ ಇದೆ. ಬೆಳಗಿನ ಜಾವ ಹೊರಟು, ಹೊಸಕೆರೆಹಳ್ಳಿ, ನಾಯಂಡಹಳ್ಳಿ, ನಾಗರಭಾವಿ, ಸುಮನಹಳ್ಳಿ, ಗೊರಗುಂಟೆಪಾಳ್ಯ ಎಂದು ವರ್ತುಲ ರಸ್ತೆಯಲ್ಲೇ ಸುತ್ತು ಹಾಕಿ, ಯಶವಂತಪುರದ ಯಾರ್ಡಿನಿಂದ ಅಕ್ಕಿ ಬೇಳೆ ಮೂಟೆ ತಂದು ನಮ್ಮ ಸುತ್ತಿನ ದಿನಸಿ ಅಂಗಡಿಗಳಿಗೆ ಇಳಿಸುತ್ತಾನೆ. ಲಾರಿಯ ಸಾಲಕ್ಕೆ ಜಾಮೀನು ನಿಂತವನು ನಾನು. ಮೊದಲ ದಿನ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮುಂದೆ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದಾಗ ಪಕ್ಕದ ಸೀಟಿನಲ್ಲಿ ಕುಳಿತಿದ್ದವನೂ ನಾನೇ. ಹೀಗಾಗಿ ಆ ಲಾರಿಗೆ ನೆಗಡಿಯಾದರೆ ನನಗೆ ಜ್ವರ.

ಎರಡು ವರ್ಷದ ಹಿಂದೆ, ಅಕ್ಟೋಬರಿನ ಒಂದು ರಾತ್ರಿ. ನಮ್ಮ ರಸ್ತೆಯನ್ನು ಪೈಪಿಗಾಗಿ ಅಗೆದು ಮಣ್ಣು ಮುಚ್ಚಿದ್ದರು. ಮಳೆ ಬಂದು ಮಣ್ಣು ಕುಸಿದು, ಮೇಲೆ ನೀರು ನಿಂತು, ಹಳ್ಳ ಯಾವುದು ರಸ್ತೆ ಯಾವುದು ತಿಳಿಯದಂತಾಗಿತ್ತು. ತುಂಬಿದ ಲಾರಿಯ ಎಡಗಡೆಯ ಮುಂದಿನ ಚಕ್ರ ಆ ಮಡುವಿಗೆ ದಡ್ ಎಂದು ಬಿತ್ತು. ಹತ್ತಾರು ಜನ ಸೇರಿ ತಳ್ಳಿ ಮೇಲಕ್ಕೆ ತಂದರು. ಮರುದಿನ ಲಾರಿ ಎಂದಿನಂತೆ ಓಡಿತು. ಎಲ್ಲರೂ ಮರೆತೆವು.

ಎರಡು ವಾರದ ಮೇಲೆ ಅವನು ಹೇಳಿದ: "ಮಾವ, ಗಾಡಿ ಎಡಕ್ಕೆ ಎಳೀತಿದೆ. ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಗಾಡಿ ಸೊಟ್ಟ ಹೋಗುತ್ತೆ. ಗಾಡಿ ನೆಟ್ಟಗೆ ಹೋಗಬೇಕು ಅಂದ್ರೆ ಸ್ಟೀರಿಂಗ್ ಸೊಟ್ಟ ಹಿಡೀಬೇಕು."

ನಮ್ಮ ಮುಖ್ಯರಸ್ತೆಯ ಹಿಂದೆ ಹೊಂಗೆ ಮರದ ಕೆಳಗೆ ಒಂದು ಶೆಡ್ಡು. ಅಲ್ಲೊಬ್ಬ ಹಳೆಯ ಮೇಸ್ತ್ರಿ ಲಾರಿ ಟೆಂಪೋಗಳ ಕೆಲಸ ಮಾಡುತ್ತಾರೆ. ಅಂದು ನಾವು ಮಾತಾಡುತ್ತಿದ್ದುದು ಅವರ ಕಿವಿಗೂ ಬಿತ್ತು. "ಒಂದ್ಸಲ ತಗೊಂಡ್ ಬನ್ನಿ ಸ್ವಾಮಿ, ನೋಡೋಣ" ಎಂದರು. ನಾನು ಕೇಳಿದೆ: "ಬಿಲ್ ಕೊಡ್ತೀರೇನ್ರೀ?" ಅವರು ಕೈ ಒರೆಸಿಕೊಳ್ಳುತ್ತಾ, "ಬಿಲ್ ಪುಸ್ತಕ ಎಲ್ಲಿಂದ ತರಲಿ ಸ್ವಾಮಿ, ಕೆಲಸ ಮಾಡಿಕೊಡ್ತೀನಿ" ಎಂದರು. ಬ್ಯಾಂಕಿನಲ್ಲಿ 37 ವರ್ಷ ವೋಚರುಗಳ ನಡುವೆ ಬದುಕಿದವನು ನಾನು. ಕಾಗದವಿಲ್ಲದ ಕೆಲಸ ಕೆಲಸವೇ ಅಲ್ಲ ಎನ್ನುವುದು ನನ್ನ ರಕ್ತದಲ್ಲೇ ಇದೆ. "ಶೋರೂಮಿಗೇ ಬಿಡು. ಕಂಪನಿ ಸರ್ವೀಸಿನ ದಾಖಲೆ ಇದ್ದರೆ ನಾಳೆ ಮಾರುವಾಗಲೂ ಬೆಲೆ ಬರುತ್ತೆ" ಎಂದು ಅಳಿಯನಿಗೆ ಬುದ್ಧಿ ಹೇಳಿದೆ. ಆ ಬುದ್ಧಿಯ ಬೆಲೆ ಎಷ್ಟು ಎನ್ನುವುದನ್ನು ಮುಂದೆ ಲೆಕ್ಕ ಹಾಕುತ್ತೇನೆ.

ಶೋರೂಮಿನ ಹೆಸರು ಬೇಡ. ತಣ್ಣನೆಯ ಕೊಠಡಿ, ಮೆತ್ತನೆಯ ಕುರ್ಚಿ, ಗುಂಡಿ ಒತ್ತಿದರೆ ಕಾಫಿ. ಗಾಜಿನ ಆಚೆ ನಮ್ಮ ಲಾರಿಯನ್ನು ಯಂತ್ರಕ್ಕೆ ಹತ್ತಿಸಿ ವೀಲ್ ಅಲೈನ್‌ಮೆಂಟ್ ಮಾಡಿದರು. ಚಕ್ರಗಳು ನೇರ ನಿಂತಿವೆಯೇ, ಒಳಕ್ಕೆ ಅಥವಾ ಹೊರಕ್ಕೆ ತಿರುಗಿವೆಯೇ, ವಾಲಿವೆಯೇ ಎಂದು ನೋಡಿ ಸರಿಮಾಡುವ ಕೆಲಸ ಅದು. ಸರಿ ಇರುವ ಅಂಕಿ ಹಸಿರು, ತಪ್ಪಿದ ಅಂಕಿ ಕೆಂಪು ಬಣ್ಣದಲ್ಲಿ ಮುದ್ರಿಸಿದ ಹಾಳೆ ಕೊಟ್ಟರು. ಬಿಲ್ಲು 1,850 ರೂಪಾಯಿ. ನಾನು ಹಾಳೆಯನ್ನೂ ಬಿಲ್ಲನ್ನೂ ಪಂಚ್ ಮಾಡಿ ಫೈಲಿಗೆ ಸೇರಿಸಿದೆ. ಓದಲಿಲ್ಲ.

ಹತ್ತು ದಿನಕ್ಕೆ ಲಾರಿ ಮತ್ತೆ ಎಡಕ್ಕೆ. ಎರಡನೆಯ ಸಲ ಹೋದಾಗ, "ಟೈರು ಒಂದೇ ಪಕ್ಕ ಸವೆದಿದೆ ಸಾರ್, ಅದಕ್ಕೇ ಎಳೀತಿದೆ" ಎಂದರು. ಮುಂದಿನ ಎರಡು ಟೈರು ಹೊಸದಾಗಿ ಹಾಕಿ ಮತ್ತೊಮ್ಮೆ ಅಲೈನ್‌ಮೆಂಟ್. 19,600 ರೂಪಾಯಿ. ಟೈರು ಸವೆದದ್ದರಿಂದ ಗಾಡಿ ಎಳೆಯುತ್ತಿದೆಯೋ, ಗಾಡಿ ಎಳೆಯುತ್ತಿರುವುದರಿಂದ ಟೈರು ಸವೆಯಿತೋ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೂರನೆಯ ಸಲ ಸ್ಟೀರಿಂಗಿನ ಕೀಲುಗಳ ಮೇಲೆ ಅನುಮಾನ. ಟೈ ರಾಡ್ ಎಂಡ್ ಬದಲಾಯಿಸಿದರು, ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್ ಪಿನ್ ಬದಲಾಯಿಸಿದರು. "ಸವೆಯುವ ಭಾಗ ಸಾರ್, ಇವಕ್ಕೆ ವಾರಂಟಿ ಬರಲ್ಲ." 14,350 ರೂಪಾಯಿ.

ನಾಲ್ಕನೆಯ ಸಲ ಹೋದಾಗ ಬದಲಾಯಿಸಲು ಏನೂ ಉಳಿದಿರಲಿಲ್ಲವೋ ಏನೋ, ರಸ್ತೆಯ ಮೇಲೆ ತಪ್ಪು ಹಾಕಿದರು. "ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರಾಗಿರುತ್ತವೆ ಸಾರ್, ಮಳೆ ನೀರು ಹರಿದುಹೋಗಲಿ ಅಂತ. ಎಲ್ಲ ಗಾಡಿನೂ ಸ್ವಲ್ಪ ಎಡಕ್ಕೇ ಎಳೆಯುತ್ತೆ." ಇದು ಸುಳ್ಳಲ್ಲ. ರಸ್ತೆಯ ನಡುವೆ ಉಬ್ಬು, ಅಂಚಿನಲ್ಲಿ ತಗ್ಗು ಇರುವುದು ನಿಜ, ನಾವು ಓಡಿಸುವುದು ಎಡಗಡೆಯೇ. ಆದರೆ ಅದೇ ರಸ್ತೆಯಲ್ಲಿ ಅದೇ ಲಾರಿ ಮೂರು ವರ್ಷ ನೆಟ್ಟಗೆ ಓಡಿತ್ತಲ್ಲ? ನಮ್ಮವನು ಇದನ್ನು ಕೇಳಿದ. "ಓಡಿಸುವ ಅಭ್ಯಾಸದ ಮೇಲೂ ಇರುತ್ತೆ" ಎಂಬ ಉತ್ತರ ಬಂತು. ತಪಾಸಣೆಗೆ 2,200 ರೂಪಾಯಿ. ಒಟ್ಟು 38,000. ಜೊತೆಗೆ ನಾಲ್ಕು ಹಾಳೆ, ನಾಲ್ಕು ಬಿಲ್ಲು. ನನ್ನ ಫೈಲು ಮಾತ್ರ ಬಹಳ ಅಚ್ಚುಕಟ್ಟಾಗಿತ್ತು.

ಜನವರಿಯ ಒಂದು ಸಂಜೆ, ಶಾಲೆ ಬಿಡುವ ಹೊತ್ತು. ತುಂಬಿದ ಲಾರಿ ನಮ್ಮ ಇಳಿಜಾರಿನಲ್ಲಿ ಬರುತ್ತಿತ್ತು. ಅಡ್ಡ ಬಂದ ಸ್ಕೂಟರಿಗಾಗಿ ಅವನು ಬ್ರೇಕ್ ಒತ್ತಿದ. ಮುಂಭಾಗದಲ್ಲಿ ಟಕ್ ಎಂದು ಶಬ್ದವಾಯಿತು, ಲಾರಿ ತಾನಾಗಿಯೇ ಎಡಕ್ಕೆ ನುಗ್ಗಿತು. ಎಡಕ್ಕೆ ಪುಸ್ತಕದ ಅಂಗಡಿ. ಅದರ ಮುಂದೆ ಬೆನ್ನಿಗೆ ಚೀಲ ಹಾಕಿಕೊಂಡ ಐದಾರು ಮಕ್ಕಳು. ಲಾರಿ ನಿಂತಾಗ ಅವರಿಗೂ ಬಂಪರಿಗೂ ನಡುವೆ ಒಂದು ಮೊಳ ಉಳಿದಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಅವನು ಮನೆಗೆ ಬಂದು ಬೀಗದ ಕೈಯನ್ನು ನನ್ನ ಮುಂದಿಟ್ಟು, "ಮಾವ, ನಾನು ಇನ್ನು ಈ ಗಾಡಿ ಮುಟ್ಟಲ್ಲ. ಕಂತು ಕಟ್ಟೋದು ಹೇಗೆ ಅಂತ ನೀವೇ ಹೇಳಿ" ಎಂದ. ಅವನ ಕೈ ನಡುಗುತ್ತಿತ್ತು. ಅವನ ಹೆಂಡತಿ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿ ಫೈಲು ಬಿಚ್ಚಿ ಕುಳಿತೆ. ಏಳನೆಯ ತರಗತಿಯ ನನ್ನ ಮೊಮ್ಮಗಳು ಪಕ್ಕದಲ್ಲಿ ಬಂದು ಕುಳಿತಳು. ಬ್ಯಾಂಕಿನಲ್ಲಿ ನಾವು ತಪ್ಪು ಹೇಗೆ ಹುಡುಕುತ್ತಿದ್ದೆವು ಎಂದು ಅವಳಿಗೆ ಆಗಾಗ ಹೇಳುತ್ತಿರುತ್ತೇನೆ. ಕಂಪ್ಯೂಟರು ಬರುವ ಮೊದಲು ಲೆಡ್ಜರಿನ ಎರಡು ಕಡೆಯ ಮೊತ್ತ ಕೈಯಲ್ಲೇ ಕೂಡಿ ತಾಳೆ ನೋಡಬೇಕಿತ್ತು. ತಾಳೆಯಾಗದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗುವಂತಿಲ್ಲ. ಆಗ ಮೊದಲು ನೋಡುತ್ತಿದ್ದುದು, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು. ಭಾಗವಾದರೆ ಯಾರೋ ಪಕ್ಕಪಕ್ಕದ ಎರಡು ಅಂಕಿ ಅದಲು ಬದಲು ಬರೆದಿರಬಹುದು. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 82ರ ಬದಲು 28 ಬರೆದರೆ 54, ಅದೂ ಒಂಬತ್ತರ ಮಗ್ಗಿಯಲ್ಲೇ ಇದೆ. ಮಕ್ಕಳೇ, ಯಾವ ಎರಡಂಕಿಯ ಸಂಖ್ಯೆ ಬೇಕಾದರೂ ತೆಗೆದುಕೊಂಡು ಪರೀಕ್ಷಿಸಿ ನೋಡಿ.

ಅವಳು ನಾಲ್ಕೂ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿದಳು. ಸ್ವಲ್ಪ ಹೊತ್ತು ನೋಡಿ, "ತಾತ, ಎಲ್ಲ ಸಾಲೂ ಕೊನೆಗೆ ಹಸಿರಾಗಿವೆ. ಇದೊಂದು ಮಾತ್ರ ನಾಲ್ಕು ಹಾಳೆಯಲ್ಲೂ ಕೆಂಪು. ಅಂಕಿನೂ ಜಾಸ್ತಿ ಆಗ್ತಾ ಇದೆ. 11, 14, 17, 18" ಎಂದಳು.

ಸಾಲಿನ ಹೆಸರು ಸೆಟ್‌ಬ್ಯಾಕ್. ಒಂದು ಮುಂಚಕ್ರ ಇನ್ನೊಂದಕ್ಕಿಂತ ಎಷ್ಟು ಮಿಲಿಮೀಟರು ಹಿಂದಿದೆ ಎನ್ನುವ ಲೆಕ್ಕ. ಅಂದರೆ ನಮ್ಮ ಲಾರಿಯ ಎಡಚಕ್ರ ದಿನೇ ದಿನೇ ಹಿಂದಕ್ಕೆ ಸರಿಯುತ್ತಿತ್ತು, ಆ ಸುದ್ದಿ ಮೂರು ತಿಂಗಳಿಂದ ನನ್ನ ಫೈಲಿನಲ್ಲೇ ಕುಳಿತಿತ್ತು! ಬೇರೆಯವರ ವೋಚರಿನಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಇದ್ದರೆ ಹಿಂದಕ್ಕೆ ಕಳಿಸುತ್ತಿದ್ದ ಗುಮಾಸ್ತ ನಾನು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಎದ್ದವನೇ ಹೊಂಗೆ ಮರದ ಶೆಡ್ಡಿಗೆ ಹೋದೆ. ಮೇಸ್ತ್ರಿ ಹಳೆಯದೇನನ್ನೂ ಎತ್ತಲಿಲ್ಲ. ಸ್ಟೂಲು ಒರೆಸಿ ಕೂರಲು ಹೇಳಿ, ಅಳಿಯನಿಗೆ ಮೂರು ಪ್ರಶ್ನೆ ಕೇಳಿದರು. "ಯಾವಾಗಿನಿಂದ ಎಳೀತಿದೆ? ಅದಕ್ಕೆ ಮುಂಚೆ ಏನಾಯ್ತು? ಖಾಲಿ ಇದ್ದಾಗ ಜಾಸ್ತಿಯೋ, ಲೋಡ್ ಇದ್ದಾಗ ಜಾಸ್ತಿಯೋ?"

ಶೋರೂಮಿನಲ್ಲಿ ನಾಲ್ಕು ಸಲ ಹೋದರೂ ಈ ಮೂರರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ಕೇಳದಿದ್ದುದರಿಂದ ನಾವೂ ಹಳ್ಳಕ್ಕೆ ಬಿದ್ದ ವಿಷಯ ಹೇಳಿರಲಿಲ್ಲ. ನಾಲ್ಕು ಸಲವೂ ಲಾರಿಯನ್ನು ಖಾಲಿ ಮಾಡಿಯೇ ಒಯ್ದಿದ್ದೆವು.

ಹಿಂದಿನ ಸಂಜೆಯ ಮೂಟೆಗಳು ಇನ್ನೂ ಲಾರಿಯಲ್ಲೇ ಇದ್ದವು. ಅದನ್ನು ನಿಧಾನವಾಗಿ ತಂದು ಶೆಡ್ಡಿನ ಮುಂದಿನ ಸಮತಟ್ಟು ಜಾಗದಲ್ಲಿ ಸ್ಟೀರಿಂಗ್ ನೇರ ಮಾಡಿ ನಿಲ್ಲಿಸಿದರು. ಮೇಸ್ತ್ರಿ ಹೊರತೆಗೆದದ್ದು ಒಂದು ದಾರದುಂಡೆ. ಬಲಗಡೆಯ ಮುಂಚಕ್ರದ ನಡುಬಿಂದುವಿನಿಂದ ಹಿಂಚಕ್ರದ ನಡುಬಿಂದುವಿಗೆ ದಾರ ಬಿಗಿದು, ಸರಿಯಾದ ಕಡೆ ಗಂಟು ಹಾಕಿದರು. ಅದೇ ದಾರವನ್ನು ಎಡಗಡೆಗೆ ತಂದರು. ದಾರದ ಒಂದು ತುದಿ ನನ್ನ ಮೊಮ್ಮಗಳ ಕೈಯಲ್ಲಿತ್ತು, ಅಂದು ಶನಿವಾರ, ಅವಳಿಗೆ ರಜೆ. ಗಂಟು ಚಕ್ರದ ನಡುಬಿಂದುವನ್ನು ದಾಟಿ ಹೋಯಿತು. ಹೆಚ್ಚುಕಡಿಮೆ ಒಂದು ಬೆರಳಗಲ. ಟೇಪು ಹಿಡಿದು ನೋಡಿದೆವು: 18 ಮಿಲಿಮೀಟರ್. "ಒಂಬತ್ತರ ಮಗ್ಗಿ ತಾತ!" ಎಂದು ಅವಳು ನಕ್ಕಳು. ಆ ಸೂತ್ರಕ್ಕೂ ಲಾರಿಗೂ ಸಂಬಂಧವಿಲ್ಲ ಕಣಮ್ಮ ಎಂದೆ. ಆದರೆ ಎರಡು ಕಡೆಯ ಲೆಕ್ಕ ತಾಳೆಯಾಗಬೇಕು ಎನ್ನುವುದು ಇಲ್ಲಿಯೂ ಅದೇ.

ಇಂಥ ಲಾರಿಯಲ್ಲಿ ಮುಂದಿನ ಎರಡು ಚಕ್ರಗಳನ್ನೂ ಹೊರುವುದು ಒಂದೇ ಉದ್ದನೆಯ ಕಬ್ಬಿಣದ ಅಚ್ಚು. ಅಚ್ಚಿನ ಮೇಲೆ ಎರಡು ಕಡೆಯೂ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಕೂರುತ್ತದೆ, ಲಾರಿಯವರು ಅದನ್ನು ಪ್ಲೇಟು ಎನ್ನುತ್ತಾರೆ. ಈ ಪಟ್ಟಿಗಳ ನಡುವೆ ತೂರಿಸಿದ ಒಂದು ಬೋಲ್ಟಿದೆ, ಅದು ಸೆಂಟರ್ ಬೋಲ್ಟ್. ಅದರ ತಲೆ ಅಚ್ಚಿನ ಮೇಲಿನ ಒಂದು ರಂಧ್ರದಲ್ಲಿ ಕೂತು ಅಚ್ಚು ಹಿಂದೆ ಮುಂದೆ ಜರುಗದಂತೆ ಹಿಡಿಯುತ್ತದೆ. ಇವೆರಡನ್ನೂ ಬಿಗಿದು ಕಟ್ಟಿರುವುದು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಯು ಬೋಲ್ಟುಗಳು. ನಮ್ಮೂರ ಎತ್ತಿನ ಗಾಡಿಯಲ್ಲಿ ಚಕ್ರ ಹೊರಗೆ ಜಾರದಂತೆ ಅಚ್ಚಿನ ತುದಿಗೆ ಕಡಾಣಿ ಹಾಕುತ್ತಿದ್ದರು. ಬೆರಳುದ್ದದ ಕೀಲು ಅದು, ಆದರೆ ಅದಿಲ್ಲದೆ ಗಾಡಿ ಹೂಡುತ್ತಿರಲಿಲ್ಲ. ಸೆಂಟರ್ ಬೋಲ್ಟೂ ಅಷ್ಟೇ ಸಣ್ಣದು, ಅಷ್ಟೇ ದೊಡ್ಡದು.

ಮೂಟೆ ಇಳಿಸಿ, ಜಾಕಿ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು ಬಿಚ್ಚಿ ನೋಡಿದರೆ ಎಡಗಡೆಯ ಸೆಂಟರ್ ಬೋಲ್ಟ್ ಎರಡು ತುಂಡಾಗಿತ್ತು. ಯು ಬೋಲ್ಟುಗಳು ಸಡಿಲ. ಹಳ್ಳಕ್ಕೆ ಬಿದ್ದ ರಾತ್ರಿಯೇ ಬೋಲ್ಟು ತುಂಡಾಗಿ, ಆಮೇಲೆ ಅಚ್ಚು ಎಡಗಡೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಜಾರಿತ್ತು. ಯಾವ ಕಡೆ ಮುಂಚಕ್ರಕ್ಕೂ ಹಿಂಚಕ್ರಕ್ಕೂ ಅಂತರ ಕಡಿಮೆಯೋ ಗಾಡಿ ಆ ಕಡೆಗೇ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಟಕ್ ಎಂದದ್ದು ಅಚ್ಚು ಜಾರಿದ ಸದ್ದು. ಮೇಸ್ತ್ರಿ ತುಂಡನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನೊಂದು ದೊಡ್ಡ ಹಳ್ಳ ಸಿಕ್ಕಿದ್ರೆ ಸ್ಟೀರಿಂಗ್ ಮಾತು ಕೇಳ್ತಿರಲಿಲ್ಲ ಸ್ವಾಮಿ" ಎಂದರು. ನನಗೆ ಪುಸ್ತಕದ ಅಂಗಡಿಯ ಮುಂದಿದ್ದ ಮಕ್ಕಳು ನೆನಪಾದರು.

ಹೊಸ ಬೋಲ್ಟುಗಳಿಗಾಗಿ ಜೆ.ಸಿ. ರಸ್ತೆಗೆ ಹೊರಟೆವು. ಅಳಿಯ, ನಾನು, ಮೊಮ್ಮಗಳು, ಒಂದು ಆಟೋ. ಕತ್ರಿಗುಪ್ಪೆ, ಸೀತಾ ಸರ್ಕಲ್, ಹನುಮಂತನಗರ ದಾಟಿ ರಾಮಕೃಷ್ಣ ಆಶ್ರಮದ ಹತ್ತಿರ ಬಂದರೆ ಗಾಂಧಿ ಬಜಾರಿನ ಹೂವಿನ ವಾಸನೆ. ಅಲ್ಲಿಂದ ನ್ಯಾಷನಲ್ ಕಾಲೇಜು, ಸಜ್ಜನ್ ರಾವ್ ಸರ್ಕಲ್, ಮಿನರ್ವ ಸರ್ಕಲ್. ಆಟೋ ತಿರುಗುವಾಗ ಮೊಮ್ಮಗಳು ಕೇಳಿದಳು: "ಆಟೋಗೆ ಮುಂದೆ ಒಂದೇ ಚಕ್ರ, ತಿರುಗಿಸಿದರೆ ತಿರುಗುತ್ತೆ. ಲಾರಿಯ ಎರಡು ಚಕ್ರನೂ ಒಂದೇ ಸಮ ತಿರುಗ್ತವಾ?"

ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಒಂದೇ ಸಮ ತಿರುಗುವುದಿಲ್ಲ. ಬಲಕ್ಕೆ ತಿರುಗುವಾಗ ಬಲಚಕ್ರ ಸಣ್ಣ ಸುತ್ತಿನಲ್ಲಿ, ಎಡಚಕ್ರ ದೊಡ್ಡ ಸುತ್ತಿನಲ್ಲಿ ಹೋಗಬೇಕು. ಹೀಗಾಗಿ ಒಳಗಿನ ಚಕ್ರ ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. ಕೈಕೈ ಹಿಡಿದು ಇಬ್ಬರು ಮಕ್ಕಳು ಮೂಲೆ ತಿರುಗಿದರೆ ಹೊರಗಿನವನು ಓಡಬೇಕಾಗುತ್ತದಲ್ಲ, ಹಾಗೆ. ಈ ಏರ್ಪಾಡನ್ನು 1817ರಲ್ಲಿ ಕುದುರೆ ಗಾಡಿಗಳಿಗಾಗಿ ಮಾಡಿದವನು ಜರ್ಮನಿಯ ಮ್ಯೂನಿಕ್ಕಿನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್. ಅವನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್ಮನ್. ಇವತ್ತಿಗೂ ಜಗತ್ತು ಅದನ್ನು ಕರೆಯುವುದು ಆಕರ್ಮನ್ ಸ್ಟೀರಿಂಗ್ ಎಂದೇ. ಕೆಲಸ ಮಾಡಿದವನೊಬ್ಬ, ಕಾಗದ ಹಿಡಿದವನೊಬ್ಬ. ಇದನ್ನು ಓದಿದಾಗ ಹೊಂಗೆ ಮರದ ಕೆಳಗೆ ನಾನು ಕೇಳಿದ ಬಿಲ್ಲಿನ ಪ್ರಶ್ನೆ ನೆನಪಾಗಿ ಮುಖ ಬಿಸಿಯಾಯಿತು.

ಮಿನರ್ವ ಸರ್ಕಲಿನಿಂದ ಪುರಭವನದವರೆಗೆ ಹೋಗುವ ಜೆ.ಸಿ. ರಸ್ತೆಗೆ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು. ಅದೇ ರಸ್ತೆಯಲ್ಲಿ ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರವೂ ಇದೆ. ನಾನು ಹುಡುಗನಾಗಿದ್ದಾಗ ನಾಟಕಕ್ಕೆಂದು ಇಲ್ಲಿ ಬಂದು, ಆಚೀಚೆ ನೇತುಹಾಕಿದ ಟೈರು, ಸರಪಣಿ, ಸೀಟು ಕವರುಗಳನ್ನು ನೋಡುತ್ತಾ ನಡೆದದ್ದಿದೆ. ಇಂದಿಗೂ ವಾಹನದ ಬಿಡಿಭಾಗಕ್ಕೆ ಬೆಂಗಳೂರಿಗರು ನಡೆಯುವುದು ಇಲ್ಲಿಗೇ. ಅಂಗಡಿಯವರು ತುಂಡಾದ ಬೋಲ್ಟನ್ನು ನೋಡಿದ ಕೂಡಲೇ ಒಳಗೆ ಹೋಗಿ ಅದರ ಅಣ್ಣತಮ್ಮಂದಿರನ್ನು ತಂದರು. ಸೆಂಟರ್ ಬೋಲ್ಟ್ ಒಂದಕ್ಕೆ 60 ರೂಪಾಯಿ. ನಾನು ಎರಡೆರಡು ಸಲ ಕೇಳಿದೆ. ಅರವತ್ತೇ.

ಎರಡು ಕಡೆಗೂ ಹೊಸ ಸೆಂಟರ್ ಬೋಲ್ಟ್, ನಾಲ್ಕೂ ಹೊಸ ಯು ಬೋಲ್ಟ್. ಒಮ್ಮೆ ಬಿಗಿದು ಎಳೆದಾಡಿದ ಯು ಬೋಲ್ಟನ್ನು ಮತ್ತೆ ಹಾಕಬಾರದು ಎಂದು ಮೇಸ್ತ್ರಿ ಹೇಳಿದ್ದರು. ಸಂಜೆಯೊಳಗೆ ಕೆಲಸ ಮುಗಿಯಿತು. ಮತ್ತೆ ದಾರ ಹಿಡಿದು ನೋಡಿದೆವು, ಗಂಟು ಎರಡು ಕಡೆಯೂ ಒಂದೇ ಜಾಗದಲ್ಲಿ ಕೂತಿತು. ಸಾಮಾನು ಕೂಲಿ ಎಲ್ಲ ಸೇರಿ 3,400 ರೂಪಾಯಿ. "500 ಕಿಲೋಮೀಟರ್ ಓಡಿದ ಮೇಲೆ ತಗೊಂಡ್ ಬನ್ನಿ, ಲೋಡ್ ಕೂತ ಮೇಲೆ ಇನ್ನೊಂದು ಸುತ್ತು ಬಿಗೀಬೇಕು" ಎಂದರು ಮೇಸ್ತ್ರಿ.

ಮರುದಿನ ಬೆಳಗಿನ ಜಾವ ನಾನೂ ಜೊತೆಗೆ ಹೋದೆ. ವರ್ತುಲ ರಸ್ತೆಯಲ್ಲಿ ಲಾರಿ ಗೆರೆ ಎಳೆದಂತೆ ನೇರ ಓಡಿತು. ಸ್ಟೀರಿಂಗೂ ನೇರವಾಗಿತ್ತು. ನಾಯಂಡಹಳ್ಳಿಯವರೆಗೂ ಅವನು ಒಂದು ಮಾತೂ ಆಡಲಿಲ್ಲ. ಆಮೇಲೆ ಹಳೆಯ ಹಾಡೊಂದನ್ನು ಶಿಳ್ಳೆಯಲ್ಲಿ ಹಾಡತೊಡಗಿದ.

ಇನ್ನು ಉಳಿದದ್ದು ಶೋರೂಮಿನ ಲೆಕ್ಕ. ಜಗಳ ಬೇಡ, ಕಾಗದ ಬರೆಯೋಣ ಎಂದೆ. ನನಗೆ ಬರುವ ವಿದ್ಯೆ ಅದೊಂದೇ. ನಾಲ್ಕು ಹಾಳೆ, ನಾಲ್ಕು ಬಿಲ್ಲು, ತುಂಡಾದ ಬೋಲ್ಟಿನ ಫೋಟೋ, ದಾರ ಹಿಡಿದ ಫೋಟೋ ಎಲ್ಲದರ ಪ್ರತಿ ಲಗತ್ತಿಸಿ, ತಾರೀಖು ಸಮೇತ ನಡೆದದ್ದನ್ನು ಒಂದೂವರೆ ಪುಟದಲ್ಲಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಗ್ರಾಹಕರ ರಕ್ಷಣೆಗೆ ನಮ್ಮಲ್ಲಿ 1986ರಿಂದ ಕಾನೂನಿದೆ. ಈಗಿರುವುದು 2019ರ ಕಾಯಿದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಅದು ಅನ್ವಯಿಸುವುದಿಲ್ಲ ಎಂದು ಹಲವರು ಹೆದರಿಸುತ್ತಾರೆ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲಿಕ್ಕಾಗಿಯೇ ಕೊಂಡಿದ್ದರೆ ಅವನೂ ಗ್ರಾಹಕನೇ ಎಂದು ಕಾಯಿದೆಯಲ್ಲೇ ವಿವರಣೆ ಇದೆ. ದೂರು ಕೊಡಲು ಎರಡು ವರ್ಷದ ಗಡುವು. ಮೊದಲು ಸಲಹೆ ಬೇಕೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಇದನ್ನೆಲ್ಲ ಕಾಗದದ ಕೊನೆಯಲ್ಲಿ ಎರಡು ಸಾಲಿನಲ್ಲಿ ನಮೂದಿಸಿದ್ದೆ, ಬೆದರಿಕೆಯ ದನಿಯಲ್ಲಿ ಅಲ್ಲ.

ಹತ್ತು ದಿನಕ್ಕೆ ಕರೆ ಬಂತು. ಹೋದೆವು. ಮಾತುಕತೆಯಾಗಿ ಮೂರನೆಯ ಮತ್ತು ನಾಲ್ಕನೆಯ ಬಿಲ್ಲಿನ 16,550 ರೂಪಾಯಿ ವಾಪಸು ಕೊಟ್ಟರು. ಟೈರಿನ ಹಣ ಬರಲಿಲ್ಲ, ಟೈರು ನಮ್ಮಲ್ಲೇ ಇತ್ತಲ್ಲ. ನಾವೂ ಅಲ್ಲಿಗೆ ಬಿಟ್ಟೆವು. ಹೊರಗೆ ಬರುವಾಗ ನಮ್ಮ ಲಾರಿಯನ್ನು ಯಂತ್ರಕ್ಕೆ ಹತ್ತಿಸುತ್ತಿದ್ದ ಹುಡುಗ ಹಿಂದೆಯೇ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು. "ಸಾರ್, ಆ ಕೆಂಪು ಸಾಲು ನಾನೂ ನೋಡ್ದೆ. ಆ ಯಂತ್ರದಲ್ಲಿ ಅದನ್ನ ಸರಿಮಾಡೋಕೆ ಆಗಲ್ಲ. ಬೇರೆಯವೆಲ್ಲ ಹಸಿರಾದ್ರೆ ಗಾಡಿ ಇಳಿಸಿ ಮುಂದಿನದು ಹತ್ತಿಸು ಅಂತಾರೆ" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಎಷ್ಟೋ ಸಲ ಕೌಂಟರಿನ ಸಾಲು ಕರಗಲಿ ಎಂದು ಓದದೆ ಸಹಿ ಹಾಕಿದವನೇ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ನನ್ನಾಕೆ ಕೇಳಿದಳು: "ನಿಮ್ಮ ಮಂಡಿ ನೋವಿಗೆ ಮೂರು ವರ್ಷದಿಂದ ಎಣ್ಣೆ ಬದಲಾಯಿಸ್ತಾ ಇದೀರಲ್ಲ, ನಿಮ್ಮ ಚಪ್ಪಲಿ ಯಾವತ್ತಾದ್ರೂ ತಿರುಗಿಸಿ ನೋಡಿದೀರಾ?" ತಿರುಗಿಸಿ ನೋಡಿದೆ. ಬಲಗಾಲಿನದು ಹೊರಗಡೆ ಪೂರ್ತಿ ಸವೆದಿತ್ತು. ಡಾಕ್ಟರಿಗೆ ಮಂಡಿಯ ಜೊತೆಗೆ ಚಪ್ಪಲಿಯನ್ನೂ ತೋರಿಸಿದೆ. ಅವರು ನಗಲಿಲ್ಲ, ಕೈಯಲ್ಲಿ ಹಿಡಿದು ನೋಡಿ, "ಯಾವಾಗಿನಿಂದ ಹೀಗೆ ನಡೀತಿದೀರಿ?" ಎಂದು ಕೇಳಿದರು.

500 ಕಿಲೋಮೀಟರ್ ಓಡಿದ ದಿನ ಲಾರಿಯನ್ನು ಮತ್ತೆ ಶೆಡ್ಡಿಗೆ ಒಯ್ದೆವು. ಮೇಸ್ತ್ರಿ ಬೋಲ್ಟುಗಳನ್ನು ಇನ್ನೊಂದಿಷ್ಟು ಬಿಗಿದರು. ಹಣ ತೆಗೆದುಕೊಳ್ಳಲಿಲ್ಲ. ಅಂದು ನಾನು ಅವರಿಗೆ ಹೇಳಿದೆ: "ಮೊದಲ ದಿನವೇ ನಿಮ್ಮ ಹತ್ತಿರ ಬರಬೇಕಿತ್ತು ಮೇಸ್ತ್ರಿ. ನಾನು ಬಿಲ್ಲಿನ ಮಾತಾಡಿದ್ದು ತಪ್ಪಾಯ್ತು." ಅವರು ಸ್ಪ್ಯಾನರ್ ಒರೆಸುತ್ತಾ, "ಬಿಲ್ ಕೇಳೋದು ತಪ್ಪಲ್ಲ ಸ್ವಾಮಿ. ನನ್ನ ಹತ್ತಿರ ಇರಬೇಕಿತ್ತು, ಅಷ್ಟೇ" ಎಂದರು. ಮುಂದಿನ ವಾರ ನಾನು ಗಾಂಧಿ ಬಜಾರಿಗೆ ಹೋದಾಗ ಎರಡು ಬಿಲ್ ಪುಸ್ತಕ, ಒಂದು ಕಾರ್ಬನ್ ಹಾಳೆಯ ಕಟ್ಟು ತಂದುಕೊಟ್ಟೆ. ಈಗ ಸಂಜೆ ವಾಕಿಂಗ್ ಮುಗಿಸಿ ಬರುವಾಗ ಹತ್ತು ನಿಮಿಷ ಅಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಡುತ್ತೇನೆ: ಯಾವ ಗಾಡಿ, ಏನು ತೊಂದರೆ, ಯಾವಾಗಿನಿಂದ, ಏನು ಮಾಡಿದೆವು, ಎಷ್ಟಾಯಿತು.

ಹಳ್ಳ ಮುಚ್ಚಿ ಟಾರು ಹಾಕಿದ್ದಾರೆ. ಒಂದೆರಡು ಕಡೆ ಈಗಾಗಲೇ ಕುಸಿದಿದೆ. ಮಳೆ ಬಂದ ದಿನ ಅಲ್ಲಿ ಮತ್ತೆ ಮಡು ನಿಲ್ಲುತ್ತದೆ. ನಮ್ಮವನು ಬಳಸಿಕೊಂಡು ಹೋಗುತ್ತಾನೆ. ತುಂಡಾದ ಆ ಬೋಲ್ಟು ನನ್ನ ಮೇಜಿನ ಮೇಲೆ, ಫೈಲು ಹಾರದಂತೆ ಭಾರಕ್ಕೆ ಕೂತಿದೆ.